ಅಕ್ಕನನ್ನೇಕೆ ಇಷ್ಟು ಕೇಳುತ್ತಿದ್ದಾರೆ?

ಭಾವ ಗೋಡೆಯ ಮೇಲಿನ ಇರುವೆಗಳನ್ನು ಅಂಗೈಯಿಂದ ಒರೆಸಿ ಒರೆಸಿ ಕೆಡವುತ್ತಿದ್ದರು. ಗೋಡೆಯ ಮೇಲೆ ಒಂದು ಇರುವೆಯೂ ಇರಲಿಲ್ಲ.

ಮೊಬೈಲ್ ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ರಾಣೆಬೆನ್ನೂರಿನ ನನ್ನ ಎಸ್‌ಟಿಡಿ ಬೂತಿಗೆ ಬೆಳಿಗ್ಗೆ ನನ್ನ ಅಕ್ಕ ಶಾಂತಕ್ಕ ಫೋನ್ ಮಾಡಿ, "ಲಗೂ ಬಾ" ಎಂದಷ್ಟೇ ಹೇಳಿದ್ದಳು. ಬ್ಯಾಡಗಿಯ ಅವರ ಮನೆಗೆ ಓಡಿದರೆ ಭಾವ ಹೀಗಿದ್ದರು.

ಮೆಣಸಿನಕಾಯಿ ವ್ಯಾಪಾರದ ಭಾವನಿಗೆ ಕುಡಿತ ಹಳೆಯ ಚಟ. ಕದರಮಂಡಲಗಿ ಹನುಮಪ್ಪನ ಮುಂದೆ ಆಣೆ ಮಾಡಿ ಒಮ್ಮೆಲೇ ಬಿಟ್ಟಿದ್ದರು. ಮೊದಲು ಕೈಕಾಲು ನಡುಕ, ಈಗ ಈ ಇರುವೆ.

ನೆರೆಯವರು ಗಾಳಿ ಸೋಕಿದೆ ಎಂದರು. ಊರಿನ ಡಾಕ್ಟರ್ ಮಾತ್ರ, ಹಾವೇರಿಯಲ್ಲಿ ಇಂಥವರಿಗೆಂದೇ ಕುಡಿತ ಬಿಡಿಸುವ ಒಂದು ಕೇಂದ್ರವಿದೆ, ತಡ ಮಾಡಬೇಡಿ ಎಂದರು.

ಅಂಥ ಕೇಂದ್ರಗಳ ಬಗ್ಗೆ ನಾನು ಕೇಳಿದ್ದೇ ಬೇರೆ. ಕಟ್ಟಿಹಾಕುತ್ತಾರೆ, ಹೊಡೆಯುತ್ತಾರೆ, ಮನೆಯವರನ್ನು ಒಳಗೆ ಬಿಡುವುದಿಲ್ಲ... ಬಾಡಿಗೆ ಜೀಪಿನಲ್ಲಿ ಭಾವನನ್ನೂ ಅಕ್ಕನನ್ನೂ ಹಾವೇರಿಗೆ ಕರೆದೊಯ್ದು, ಇಳಿದವನೇ ಅಲ್ಲಿದ್ದವರ ಮೈಮೇಲೆ ಗಾಯಗಳಿವೆಯೇ ಎಂದು ನೋಡಿದೆ.

ಏನೂ ಕಾಣಲಿಲ್ಲ. ಗಾಯವಾದವರನ್ನು ಒಳಗೆ ಬಚ್ಚಿಟ್ಟಿರಬೇಕು ಅನ್ನಿಸಿತು.

ಅಲ್ಲಿನ ಡಾಕ್ಟರ್ ಭಾವನಿಗೆ ಇಂಜೆಕ್ಷನ್ ಕೊಟ್ಟರು. "ಒಮ್ಮೆಲೇ ಬಿಟ್ರ ಒಬ್ಬೊಬ್ರಿಗೆ ಹಿಂಗಾಗ್ತೈತ್ರಿ. ಮನ್ಯಾಗ ಇಟ್ಕೊಂಡಿದ್ರ ಜೀವಕ್ಕ ಕುತ್ತಿತ್ತು" ಎಂದರು. ಭಾವ ನಿದ್ದೆಹೋದರು.

ಆಮೇಲೆ ಕೌನ್ಸೆಲರ್ ಎಂದು ಒಬ್ಬ ಮೇಡಂ ಬಂದರು. ಭಾವನ ಬಗ್ಗೆ ಒಂದೆರಡು ಮಾತು ಕೇಳಿ ಅಕ್ಕನ ಕಡೆ ತಿರುಗಿದರು. ಊಟ ಮಾಡ್ತೀರಾ, ನಿದ್ದೆ ಬರುತ್ತಾ, ಮಕ್ಕಳೆಲ್ಲಿ...

ಕಾಯಿಲೆ ಭಾವನಿಗೆ. ಅಕ್ಕನನ್ನೇಕೆ ಕೇಳಬೇಕು? ಪೊಲೀಸ್ ಕೇಸ್ ಹಾಕಿಸುವ ಲೆಕ್ಕಾಚಾರವೋ, ಸಂಸಾರ ಒಡೆಯುವ ಕೆಲಸವೋ?

ಸ್ವಲ್ಪ ಹೊರಗೆ ಇರ್ತೀರಾ ಎಂದು ಮೇಡಂ ಕೇಳಿದಾಗ ನನ್ನ ಅನುಮಾನ ಗಟ್ಟಿಯಾಯಿತು. "ನಾ ಇಲ್ಲೇ ಕುಂದರ್ತೀನ್ರಿ" ಎಂದೆ.

ಅಕ್ಕ ನನ್ನ ಮುಖ ನೋಡದೆ ಹೇಳಿದಳು. "ಹೊರಗ ನಿಂದ್ರೋ ತಮ್ಮಾ."

ಹೊರಗೆ ನಿಂತಿದ್ದೇನೆ. ಬಾಗಿಲು ತೆರೆಯುತ್ತಿಲ್ಲ. ಜೀಪಿನವನಿಗೆ ಹೋಗಬೇಡ ಎಂದು ಹೇಳಿಬಂದೆ. ಇಬ್ಬರನ್ನೂ ಎತ್ತಿಕೊಂಡು ಹೊರಡುವುದೇ ಸರಿ ಎಂದುಕೊಳ್ಳುತ್ತಿದ್ದೇನೆ. ಅಷ್ಟರಲ್ಲಿ ಮೇಡಂ ಕರೆದರು.

"ನಿಮ್ಮ ಅಕ್ಕಾರು ನಿಮಗೇನೋ ಹೇಳಬೇಕಂತಾರ."

ಅಕ್ಕನ ದನಿ ಯಾವತ್ತಿನಂತೆಯೇ ಇತ್ತು. "ಇವ್ರನ್ನ ಯಾವುದಾರ ದವಾಖಾನಿಗೆ ಸೇರಿಸಿ, ಮನೀಗೆ ಹೋಗಿ ಸಾಯಬೇಕಂತ ಮಾಡಿದ್ನೋ. ಮಕ್ಕಳನ್ನ ನಿನ್ನೆ ನಿಮ್ಮ ಮನೀಗೆ ಅದಕ್ಕ ಕಳಿಸಿದ್ದು."

ನನಗೆ ಸಿಟ್ಟು ಬಂದದ್ದು ಮೇಡಂ ಮೇಲೆ. "ಆಕಿಗೆ ಏನು ಹೇಳಿಕೊಟ್ರಿ ನೀವು?"

"ಅವ್ರೇನೂ ಹೇಳಿಕೊಟ್ಟಿಲ್ಲ" ಎಂದಳು ಅಕ್ಕ. "ಸಾಯಬೇಕು ಅನಿಸ್ತೈತೇನು ಅಂತ ಕೇಳಿದ್ರು, ಅಷ್ಟ. ಇಷ್ಟು ದಿನ ಯಾರೂ ಕೇಳಿರ್ಲಿಲ್ಲ."

ಮನೆಯಲ್ಲೆಲ್ಲ ಅವಳನ್ನು ಗಟ್ಟಿಗಿತ್ತಿ ಎನ್ನುತ್ತಿದ್ದೆವು. ಯಾರ ಮನೆಯಲ್ಲಿ ಏನೇ ಆದರೂ ಅವಳೇ ಮುಂದೆ ನಿಲ್ಲುತ್ತಿದ್ದಳು.

ಅಕ್ಕನನ್ನೂ ಅಲ್ಲಿಯೇ ಉಳಿಸಿಕೊಂಡರು. ಅವ್ವ ಬಂದು ಜೊತೆಗಿದ್ದಳು. ಆಮೇಲೂ ನಾನು ಬಹಳ ದಿನ ಅಲ್ಲಿ ಅಕ್ಕನಿಗೆ ಕೊಟ್ಟ ಮಾತ್ರೆಗಳನ್ನು ಬೇರೆ ಡಾಕ್ಟರಿಗೆ ತೋರಿಸಿ ಕೇಳುತ್ತಿದ್ದೆ, ಅಕ್ಕನ ಮುಖ ಓದುತ್ತಿದ್ದೆ. ಅನುಮಾನ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಭಾವ ನಡುವೆ ಒಮ್ಮೆ ಕುಡಿತಕ್ಕೆ ಜಾರಿದರು, ಮತ್ತೆ ತಾವೇ ಹೋಗಿ ಕೇಂದ್ರಕ್ಕೆ ಸೇರಿಕೊಂಡರು. ಅಕ್ಕ ಈಗ ಓಣಿಯ ಹೆಂಗಸರಿಗೆ ಇದನ್ನೆಲ್ಲ ನಾಚದೆ ಹೇಳುತ್ತಾಳೆ. ಇಲ್ಲಿ ಬರೆಯಲು ಹೇಳಿದ್ದೂ ಅವಳೇ.

ನಿಮ್ಮ ಮನೆಯ ಗಟ್ಟಿ ಜೀವವನ್ನು, ನೀನು ಹೇಗಿದ್ದೀಯ ಎಂದು ಕೊನೆಯ ಬಾರಿ ಕೇಳಿದ್ದು ಯಾವಾಗ?