ಮಾವನ ವಂಡಿ

ಮದುವೆಯಾಗಿ ತಮಿಳುನಾಡಿನ ಹರೂರಿಗೆ ಬಂದ ಮರುದಿನ ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದಲೇ ಕೂಗಿ, “ಇಟ್ಟು ಉಣ್ತೀಯಾ?” ಎಂದು ಕೇಳಿದರು. ಗದಗಿನವಳಾದ ನನಗೆ ಹಿಟ್ಟು ಅಂದರೆ ಗಿರಣಿಯಲ್ಲಿ ಬೀಸಿಸಿಕೊಂಡು ಬರುವ ಜೋಳದ ಹಿಟ್ಟು. ಅದನ್ನು ಹಾಗೇ ಉಣ್ಣುವ ಜನರ ಮನೆಗೆ ಅಪ್ಪ ನನ್ನನ್ನು ಕೊಟ್ಟುಬಿಟ್ಟನಾ ಅಂದುಕೊಳ್ಳುತ್ತ ನಿಂತೆ. ಅತ್ತೆ ತಟ್ಟೆ ತಂದಿಟ್ಟಾಗ ನೋಡಿದರೆ ಬಿಸಿ ರಾಗಿಮುದ್ದೆ. ಹೇಗೆ ನುಂಗಬೇಕೆಂದು ತಿಳಿಯದೆ ಅಗಿಯತೊಡಗಿದೆ. ಜಗಲಿಯಲ್ಲಿ ಕೂತಿದ್ದ ಮಾವ ಅದನ್ನು ನೋಡಿ ಬಾಯಿ ಮುಚ್ಚಿಕೊಂಡು ನಕ್ಕರು.

“ಅವರ ಮನಿಯಾಗೂ ಕನ್ನಡನ ಮಾತಾಡ್ತಾರ, ಹೊಂದ್ಕೋತಾಳ” ಎಂಬ ಧೈರ್ಯದ ಮೇಲೆಯೇ ಅಪ್ಪ ಈ ಮದುವೆಗೆ ಒಪ್ಪಿದ್ದು. ಗದಗಿನ ಬಸ್ ಸ್ಟ್ಯಾಂಡಿನ ಹಿಂದೆ ಅಪ್ಪನದು ಬೈಕ್ ರಿಪೇರಿಯ ಸಣ್ಣ ಗ್ಯಾರೇಜು. ಗಂಡುಮಕ್ಕಳಿಲ್ಲದ ಮನೆಯಲ್ಲಿ ನಟ್ಟು ಬೋಲ್ಟು ತಿರುಗಿಸುವ ಪಾನಾ ಹಿಡಿದು ಬೆಳೆದವಳು ನಾನು. ಬೋರ್‌ವೆಲ್ ಲಾರಿಯೊಂದಿಗೆ ನಮ್ಮ ಕಡೆ ಬಂದಿದ್ದ ಶಕ್ತಿವೇಲು ಕೆಟ್ಟ ಬೈಕನ್ನು ತಳ್ಳಿಕೊಂಡು ಅಲ್ಲಿಗೆ ಬಂದ. ರಿಪೇರಿ ಮಾಡಿದ್ದು ನಾನು. ಅದಾದ ಮೇಲೆ ಅವನ ಬೈಕು ಮತ್ತೆ ಮತ್ತೆ ಕೆಡತೊಡಗಿತು.

ಮದುವೆಯಾಗಿ ತಿಂಗಳು ತುಂಬುವ ಮುಂಚೆ ಅವನು ಲಾರಿ ಹತ್ತಿ ಛತ್ತೀಸ್‌ಗಢದ ಕಡೆ ಹೋದ. ಇಲ್ಲಿನ ಬೋರ್‌ವೆಲ್ ಹುಡುಗರ ಬಾಳೇ ಹಾಗೆ, ಮಳೆಗಾಲಕ್ಕೆ ಮನೆ, ಉಳಿದ ಕಾಲ ಪರದೇಶ. ಮನೆಯಲ್ಲಿ ಉಳಿದವರು ಅತ್ತೆ, ಮಾವ, ನಾನು. ಅತ್ತೆ ಮುಂಬಾಗಿಲಲ್ಲೇ ಇಡ್ಲಿ ಅಂಗಡಿ ಇಟ್ಟುಕೊಂಡಿದ್ದರು.

ಗದಗಿನಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಅಕ್ಷರ ಓದಿಸಿಕೊಳ್ಳುತ್ತಿತ್ತು. ಇಲ್ಲಿ ಬೋರ್ಡುಗಳೆಲ್ಲ ಸುರುಳಿ ಸುರುಳಿ ಚಿತ್ರ. ಸೇಲಂ ಬಸ್ಸೆಂದು ಹತ್ತಿ ತಿರುವಣ್ಣಾಮಲೆ ದಾರಿಯಲ್ಲಿ ಅರ್ಧ ದೂರ ಹೋಗಿ ಅಳುತ್ತಾ ವಾಪಸು ಬಂದಿದ್ದೇನೆ. ಪಕ್ಕದ ಮನೆಯ ಹುಡುಗಿಯರನ್ನು ನಾನು ಕನ್ನಡದಲ್ಲಿ ಮಾತಾಡಿಸಿದರೆ ಅವರು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು. ಅವರ ಮನೆಯಲ್ಲೂ ಅಜ್ಜಿಯ ಜೊತೆ ಕನ್ನಡವೇ, ಆದರೆ ಅದು ಅಜ್ಜಿಯರ ಭಾಷೆ. ನನ್ನ “ರೀ” ಕೇಳಿದರೆ ಅವರಿಗೆ ನಗು ತಡೆಯುತ್ತಿರಲಿಲ್ಲ.

ಮಾತಿಗೆ ಸಿಕ್ಕವರು ಮಾವ ಒಬ್ಬರೇ. ಸೇಲಂನ ನೇಕಾರರ ಬೀದಿಯಲ್ಲಿ ಹುಟ್ಟಿದವರು. ಮಗ್ಗದ ಮುಂದೆ ಕೂರಲಾಗದೆ, ಅಣ್ಣಂದಿರು ನೇಯ್ದ ಸೀರೆಗಳನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಹಳ್ಳಿಹಳ್ಳಿ ಮಾರುತ್ತಾ ಹರೂರಿಗೆ ಬಂದು ನೆಲೆಸಿದ್ದರು. ನನ್ನನ್ನು “ಕಣ್ಣು” ಎಂದು ಕರೆಯುತ್ತಿದ್ದರು. ಇಲ್ಲಿ ಅದು ಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು, ನಮ್ಮ ಕಡೆ ತಂಗಿ, ಬಂಗಾರ ಅನ್ನುವಂತೆ. ಅವರಿಗೆ ಮರೆವಿನ ಕಾಯಿಲೆ ಶುರುವಾಗಿದೆಯೆಂದು ಶಕ್ತಿವೇಲು ಮೊದಲೇ ಹೇಳಿದ್ದ. ಕೆಲವು ದಿನ ನಾನು ಯಾರೆಂದು ಅವರಿಗೆ ನೆನಪಿರುತ್ತಿರಲಿಲ್ಲ. ಆದರೆ ಮರೆತೆನೆಂದು ಅವರು ಒಮ್ಮೆಯೂ ಒಪ್ಪಿಕೊಂಡವರಲ್ಲ. ಕನ್ನಡಕ ಎಲ್ಲಿಟ್ಟಿರೆಂದು ಕೇಳಿದರೆ, ಇಟ್ಟ ಜಾಗ ಗೊತ್ತು, ಈಗ ಬೇಡ ಅನ್ನುವರು.

ಆ ಮೊಪೆಡ್ಡು ಹಿತ್ತಲಿನ ಹುಣಸೆಮರದ ಬುಡದಲ್ಲಿ ಬಿದ್ದಿತ್ತು. ಇಲ್ಲಿ ಗಾಡಿಗೆ ವಂಡಿ ಅನ್ನುತ್ತಾರೆ. ಪೆಡಲ್ ತುಳಿದು ಸ್ಟಾರ್ಟ್ ಮಾಡುವ ಹಳೇ ಕಾಲದ ವಂಡಿ. ಟ್ಯಾಂಕಿನ ಬಣ್ಣ ಹಕ್ಕಳೆ ಎದ್ದಿತ್ತು, ಚೈನು ಒಂದೇ ಮುದ್ದೆಯಾಗಿ ಕಚ್ಚಿಕೊಂಡಿತ್ತು, ಸೀಟಿನೊಳಗೆ ಇರುವೆ ಗೂಡು. ನಮ್ಮ ಕಡೆ ಜಂಗು ಹಿಡಿದಿದೆ ಅನ್ನುತ್ತೇವೆ, ಪುಸ್ತಕದಲ್ಲಿ ತುಕ್ಕು ಅಂತ ಓದಿದ್ದೆ, ಇಲ್ಲಿ ಅದು ತುರು. ಹೆಸರು ಯಾವುದಾದರೇನು, ಅದನ್ನು ಕೆರೆದು ತೆಗೆಯುವುದು ನನಗೆ ಗೊತ್ತಿತ್ತು. ಈ ಊರಿನಲ್ಲಿ ನನಗೆ ಗೊತ್ತಿದ್ದ ಕೆಲಸ ಅದೊಂದೇ.

ರಿಪೇರಿ ಮಾಡಲಾ ಎಂದು ಅತ್ತೆಯನ್ನು ಕೇಳಿದೆ. ಇಡ್ಲಿ ತಟ್ಟೆಗೆ ಬಟ್ಟೆ ಹಾಸುತ್ತಿದ್ದ ಅವರು ತಲೆ ಎತ್ತದೆ, “ಬ್ಯಾಡ ಬುಡವ್ವ, ಅಂಗೇ ಇರ್ಲಿ” ಅಂದರು. ಹೊಸ ಸೊಸೆ ಕೈ ಮಸಿ ಮಾಡಿಕೊಳ್ಳುವುದು ಬೇಡವೆಂಬ ಉಪಚಾರ ಅಂದುಕೊಂಡೆ. ನಮ್ಮ ಕಡೆ ಹೀಗೆ ಬೇಡ ಬೇಡ ಅನ್ನುತ್ತಲೇ ಬೇಕು ಅನ್ನುವವರು ಬಹಳ. ಅವರು ಮುಖ ಎತ್ತಿ ಹೇಳಿದ್ದರೆ ತಿಳಿಯುತ್ತಿತ್ತೇನೋ. ಅಥವಾ ನನಗೆ ತಿಳಿಯುವುದು ಬೇಕಿರಲಿಲ್ಲ.

ಮಧ್ಯಾಹ್ನ ಅತ್ತೆ ಮಲಗಿದಾಗ ಕೆಲಸ ಶುರುಮಾಡುತ್ತಿದ್ದೆ. ಕಚ್ಚಿಕೊಂಡಿದ್ದ ಪಿಸ್ಟನ್ನಿಗೆ ಸೀಮೆಎಣ್ಣೆ ಬಿಟ್ಟು ದಿನಗಟ್ಟಲೆ ಕಾದೆ. ಟ್ಯಾಂಕಿನೊಳಗೆ ಸಣ್ಣ ಜಲ್ಲಿ ಹಾಕಿ ಮಗುವನ್ನು ತೂಗುವಂತೆ ಕುಲುಕಿ ಕುಲುಕಿ ಕೆಂಪು ನೀರು ಚೆಲ್ಲಿದೆ. ಕಾರ್ಬ್ಯುರೇಟರ್ ಬಿಚ್ಚಿ ಸೀರೆಯ ಪಿನ್ನಿನಿಂದ ತೂತು ಬಿಡಿಸಿದೆ. ಹೊಸ ಪ್ಲಗ್ಗಿಗಾಗಿ ಸೇಲಂವರೆಗೆ ಹೋದೆ, ಈ ಸಲ ಬೋರ್ಡಿನ ಮೇಲೆ ಸೇಲಂ ಅನ್ನುವ ಅಕ್ಷರಗಳ ಆಕಾರ ಗುರುತಿಟ್ಟುಕೊಂಡೇ ಬಸ್ಸು ಹತ್ತಿದೆ. ಮಾವ ಮರದ ನೆರಳಿಗೆ ಕುರ್ಚಿ ಎಳೆದುಕೊಂಡು ಬಂದು ಕೂರುತ್ತಿದ್ದರು. ಬೆಳಗಿನ ತಿಂಡಿ ಏನೆಂಬುದು ನೆನಪಿಲ್ಲದವರು ಆಕ್ಸಿಲರೇಟರ್ ಕೇಬಲ್ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಹೇಳಿಕೊಡುತ್ತಿದ್ದರು. ಗಂಡನಿಲ್ಲದ ಆ ಮನೆಯಲ್ಲಿ ನಾನು ಖುಷಿಯಾಗಿದ್ದೆ. ನೀಲಿ ಬಣ್ಣ ಬಳಿದ ದಿನ ಅಪ್ಪನಿಗೆ ಫೋಟೋ ಕಳಿಸಿದೆ.

ಇಂಜಿನ್ ಶಬ್ದ ಮಾಡಿದಾಗ ಮಾವ ಎದ್ದು ನಿಂತರು. ಬೆನ್ನು ನೆಟ್ಟಗಾಯಿತು. ಪಂಚೆ ಎತ್ತಿ ಕಟ್ಟಿ ವಂಡಿ ಏರಿ ಬೀದಿಯ ತುದಿಯವರೆಗೆ ಹೋಗಿ ತಿರುಗಿಸಿಕೊಂಡು ಬಂದರು. ಪಕ್ಕದ ಮನೆಯ ಹುಡುಗಿಯರು ಬಾಗಿಲಿಗೆ ಬಂದು ನೋಡಿದರು. ಸೆರಗಿಗೆ ಕೈ ಒರೆಸುತ್ತ ಹೊರಬಂದ ಅತ್ತೆ ನನ್ನನ್ನೊಮ್ಮೆ, ವಂಡಿಯನ್ನೊಮ್ಮೆ ನೋಡಿ ಒಳಗೆ ಹೋದರು. ಸಂತೋಷಕ್ಕೆ ಮಾತು ಹೊರಡಲಿಲ್ಲವೆಂದು ನಾನು ಅರ್ಥ ಮಾಡಿಕೊಂಡೆ.

ಕೆಲವು ದಿನಗಳ ಮೇಲೆ, ಇಡ್ಲಿ ಗಿರಾಕಿಗಳ ಗದ್ದಲದ ಹೊತ್ತಿನಲ್ಲಿ, ಮಾವ ಹಿತ್ತಲ ಬಾಗಿಲಿನಿಂದ ವಂಡಿ ಹೊರಡಿಸಿಕೊಂಡು ಹೋಗಿಬಿಟ್ಟರು. ನೋಡಿದರೆ ಅತ್ತೆಯ ಪೆಟ್ಟಿಗೆ ತೆರೆದಿತ್ತು, ಸೀರೆಗಳಿರಲಿಲ್ಲ. ಬಸ್ ಸ್ಟ್ಯಾಂಡು, ಸಂತೆ ಮೈದಾನ, ಕೆರೆಯ ದಾರಿ, ಎಲ್ಲ ಕಡೆ ಹುಡುಕಿದೆವು. ಬಾರದ ತಮಿಳಿನಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳಿದೆ. ನೀಲಿ ವಂಡಿ, ವಯಸ್ಸಾದವರು, ಅಷ್ಟೇ ನನಗೆ ಹೇಳಲು ಬರುತ್ತಿದ್ದುದು. ಅಂಗಡಿಯ ಒಲೆಯ ಮೇಲೆ ಇಡ್ಲಿ ಸೀದು ಹೋಯಿತು.

ಸಂಜೆಯ ಹೊತ್ತಿಗೆ ಮೊರಪ್ಪೂರು ರಸ್ತೆಯ ಒಂದು ಹಳ್ಳಿಯಿಂದ ಫೋನು ಬಂತು. ಹಿಂದೆ ಮಾವನ ಹತ್ತಿರ ಸೀರೆ ಕೊಳ್ಳುತ್ತಿದ್ದ ಹೆಂಗಸು. ಆಟೋದಲ್ಲಿ ಹೋಗಿ ನೋಡಿದರೆ ಮಾವ ಅವಳ ಮನೆಯ ಜಗಲಿಯಲ್ಲಿ ಅತ್ತೆ ಉಟ್ಟು ಹಳತಾದ ಸೀರೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತಿದ್ದರು. ಆ ಹೆಂಗಸು ಪ್ರತಿ ಸೀರೆಯ ಅಂಚು ಹಿಡಿದು ನೋಡಿ ಚೆನ್ನಾಗಿದೆ ಅನ್ನುತ್ತಿದ್ದಳು. ಮಾವ ದಾರಿಯಲ್ಲಿ ಎಲ್ಲೋ ಬಿದ್ದಿದ್ದರು. ಎಡಗೈ ಮಣಿಕಟ್ಟು ಊದಿ ಸೊಟ್ಟಗಾಗಿತ್ತು, ಮೊಣಕಾಲಿನಿಂದ ರಕ್ತ ಇಳಿದು ಒಣಗಿತ್ತು. ನೋವೆಂದು ಒಮ್ಮೆಯೂ ಅನ್ನಲಿಲ್ಲವಂತೆ.

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕುವಾಗ ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತು ನನಗೆ ಹೇಳಿದರು. ಮಾವ ಮೊದಲ ಸಲ ಮನೆಯ ದಾರಿ ತಪ್ಪಿದ ಮರುದಿನವೇ ಆ ವಂಡಿಯನ್ನು ತಳ್ಳಿಕೊಂಡು ಹೋಗಿ ಹುಣಸೆಮರದ ಕೆಳಗೆ ನಿಲ್ಲಿಸಿದ್ದು ಅತ್ತೆಯೇ. ವಂಡಿ ಕೆಟ್ಟಿದೆ, ರಿಪೇರಿ ಸಾಮಾನು ಸಿಗುತ್ತಿಲ್ಲವೆಂದು ಮಾವನಿಗೆ ಸುಳ್ಳು ಹೇಳಿ, ಮಳೆಗೆ ಬಿಟ್ಟು, ತುಕ್ಕು ಹಿಡಿಯಲೆಂದು ಕಾದಿದ್ದರು.

“ಬ್ಯಾಡ ಅಂದಿದ್ನಲ್ಲ ಕಣ್ಣು” ಎಂದರು. ಆಸ್ಪತ್ರೆಯ ಚೀಟಿ ಮಡಿಸಿಕೊಳ್ಳುತ್ತ, “ಪರವಾಯಿಲ್ಲ. ನೀನು ಒಳ್ಳೇದಕ್ಕೇ ಮಾಡ್ದೆ” ಅಂದರು.

ಬೈದಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗಬಹುದಿತ್ತು. ಅತ್ತೆ ಬೈಯಲಿಲ್ಲ. ಅವರು ಅಷ್ಟು ಕಾಲ ಕಾದು ಹಿಡಿಸಿದ್ದ ತುಕ್ಕನ್ನು ನಾನು ಸ್ಯಾಂಡ್ ಪೇಪರ್ ಹಿಡಿದು ಉಜ್ಜಿ ಹಾಕಿದ್ದೆ, ಅದನ್ನು ಫೋಟೋ ತೆಗೆದು ಊರಿಗೂ ಕಳಿಸಿದ್ದೆ. ಆ ಫೋಟೋ ಅಪ್ಪ ಗ್ಯಾರೇಜಿನ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ.

ವಂಡಿಯನ್ನು ಗುಜರಿಗೆ ಹಾಕೆಂದು ಶಕ್ತಿವೇಲು ಫೋನಿನಲ್ಲಿ ಕೂಗಾಡಿದ. ಅದನ್ನು ಮಾವನ ಕಣ್ಣ ಮುಂದೆಯೇ ಗುಜರಿಯವನಿಗೆ ಎತ್ತಿಕೊಡಲು ನನಗೆ ಮನಸ್ಸು ಬರಲಿಲ್ಲ. ಬೇರೆ ಉಪಾಯ ಮಾಡಿದೆ. ಇಂಜಿನ್ನಿಗೆ ಕಿಡಿ ಕೊಡುವ ಹೊಸ ಪ್ಲಗ್ಗನ್ನು ಬಿಚ್ಚಿ, ಬಿಸಾಡದೆ ಇಟ್ಟಿದ್ದ ಹಳೆಯ ಸತ್ತ ಪ್ಲಗ್ಗನ್ನು ಅಲ್ಲಿ ಕೂರಿಸಿದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಇನ್ನು ಆ ವಂಡಿ ಎಷ್ಟು ತುಳಿದರೂ ಹೊರಡುವುದಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮಾವ ದಿನಾ ಬೆಳಿಗ್ಗೆ ವಂಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿಕೊಂಡು ಪೆಡಲ್ ತುಳಿಯತೊಡಗಿದರು. ಬೆವರು ಹರಿದು ಬನಿಯನ್ನು ಒದ್ದೆಯಾಗುವವರೆಗೂ ತುಳಿಯುವರು. ನಾನು ಚಟ್ನಿಗೆ ಕಾಯಿ ತುರಿಯುತ್ತ ಕಿಟಕಿಯಿಂದ ನೋಡುತ್ತಿದ್ದೆ. ನನ್ನನ್ನು ಕರೆದರೆ ನೋಡ್ತೀನ್ರಿ ಮಾವಾರ ಎಂದು ಹೋಗಿ ಎಲ್ಲೆಲ್ಲೋ ಕೈಯಾಡಿಸಿ ತಲೆಯಾಡಿಸಿ ಬರುತ್ತಿದ್ದೆ. ಬೇಸತ್ತು ತಾವೇ ಬಿಟ್ಟುಬಿಡುತ್ತಾರೆಂದು ಲೆಕ್ಕ ಹಾಕಿದ್ದೆ.

ಒಂದು ದಿನ ಅವರು ತುಳಿಯುವುದನ್ನು ನಿಲ್ಲಿಸಿ ನನ್ನನ್ನು ಹತ್ತಿರ ಕರೆದರು. ದನಿ ತಗ್ಗಿಸಿ, ಯಾರಿಗೂ ಕೇಳಿಸಬಾರದೆಂಬಂತೆ ಹೇಳಿದರು.

“ವಂಡಿ ಚೆನ್ನಾಗೇ ಐತೆ ಕಣ್ಣು. ನಂಗೇ ಮರ್ತೋಯ್ತು, ಎಂಗೆ ಸ್ಟಾರ್ಟ್ ಮಾಡೋದು ಅಂತ.”

ಯಾವುದನ್ನೂ ಮರೆತೆನೆಂದು ಒಪ್ಪದಿದ್ದ ಮನುಷ್ಯ. ಅವರ ಕಾಯಿಲೆ ಮಾಡಲಾಗದ್ದನ್ನು ನನ್ನ ಪ್ಲಗ್ಗು ಮಾಡಿತ್ತು. ನಾನು ಒಳಗೆ ಹೋಗಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದ ಹೊಸ ಪ್ಲಗ್ಗು, ಪಾನಾ ತಂದೆ. ಅವರ ಎದುರಿಗೇ ಬದಲಾಯಿಸುತ್ತ, “ಪ್ಲಗ್ ಹೋಗಿತ್ರಿ ಮಾವಾರ, ನೀವೇನೂ ಮರ್ತಿಲ್ಲ” ಅಂದೆ. ಆ ಸತ್ತ ಪ್ಲಗ್ಗನ್ನು ಹಾಕಿದ್ದು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಇಂದಿಗೂ ಹೇಳಿಲ್ಲ.

ಅವತ್ತು ಹ್ಯಾಂಡಲ್ ಹಿಡಿದವಳು ನಾನು. ಕ್ಯಾರಿಯರ್ ಮೇಲೆ ಮೆತ್ತೆ ಕಟ್ಟಿ ಮಾವನನ್ನು ಕೂರಿಸಿಕೊಂಡೆ. ಅತ್ತೆ ಬೇಡವೆನ್ನಲಿಲ್ಲ. ಮುಂದಿನ ವಾರ ಸೇಲಂನಿಂದ ತರಿಸಿದ ಒಂದಷ್ಟು ಸೀರೆಗಳ ಗಂಟನ್ನು ತಂದು ಅವರ ತೊಡೆಯ ಮೇಲಿಟ್ಟರು. ಆಮೇಲೆ ಅದು ವಾರದ ರೂಢಿಯಾಯಿತು. ದಾರಿ ಹೇಳುವವರು ಮಾವ. ಕೆಲವು ಸಲ ತಪ್ಪು ಹೇಳುತ್ತಾರೆ, ನಾವು ಯಾರದೋ ಮಾವಿನ ತೋಪಿನಲ್ಲಿ ನಿಂತಿರುತ್ತೇವೆ, ಇದೇ ಊರು ಅನ್ನುತ್ತಾರೆ ಅವರು, ನಾನೂ ಹೌದ್ರಿ ಅನ್ನುತ್ತೇನೆ. ಮನೆಮನೆಯ ಜಗಲಿಗಳಲ್ಲೇ ನನಗೆ ತಮಿಳು ಬಂತು. ಒಮ್ಮೆ, ಅಂದು ಫೋನು ಮಾಡಿದ್ದ ಹೆಂಗಸು ನನ್ನನ್ನು ಯಾವ ಊರೆಂದು ತಮಿಳಿನಲ್ಲಿ ಕೇಳಿದಾಗ ಮಾವ ನನಗಿಂತ ಮೊದಲೇ “ನಮ್ಮೂರ್ ಎಣ್ಣು” ಅಂದರು, ಹೆಣ್ಣು ಅನ್ನುವುದು ಅವರ ಬಾಯಲ್ಲಿ ಎಣ್ಣು. ಅವರ ಮನಸ್ಸಿನಲ್ಲಿದ್ದುದು ಸೇಲಂನ ನೇಕಾರರ ಬೀದಿಯೋ, ಹರೂರೋ, ನಾನು ಕೇಳಲಿಲ್ಲ. ಗದಗು ಅಂತೂ ಅಲ್ಲ.

ಹರೂರನ್ನೇ ಇಲ್ಲಿ ಇಲ್ಲಿ ಅನ್ನುತ್ತ ಬಂದೆ, ಆದರೆ ಈಗ ನಾನು ಇದನ್ನು ಬರೆಯುತ್ತಿರುವುದು ಗದಗಿನಿಂದಲೇ. ತಂಗಿಯ ಬಾಣಂತನಕ್ಕೆ ಅವ್ವ ಕರೆಸಿದ್ದಾಳೆ. ಹೊರಡುವ ಹಿಂದಿನ ದಿನ ಮಾವ ಮಲಗಿದ್ದಾಗ ಮತ್ತೆ ಆ ಸತ್ತ ಪ್ಲಗ್ಗನ್ನೇ ಹಾಕಿ ಬಂದೆ. ಬೇರೆ ದಾರಿ ಕಾಣಲಿಲ್ಲ. ಇಲ್ಲಿ ಅವ್ವ ಬಡಿದ ಬಿಸಿ ರೊಟ್ಟಿ ಮುರಿಯುವಾಗ ಮಾವ ಬೆವರುತ್ತ ಪೆಡಲ್ ತುಳಿಯುತ್ತಿರುವುದೇ ಕಣ್ಣ ಮುಂದೆ ಬರುತ್ತದೆ. ಊರಿಗೆ ಬಂದರೂ ಮುಖ ಯಾಕೆ ಹೀಗೆಂದು ಅವ್ವ ಕೇಳುತ್ತಾಳೆ. ಅಪ್ಪನ ಗ್ಯಾರೇಜಿಗೆ ಹೋದರೆ ಗಿರಾಕಿಗಳು ಆ ನೀಲಿ ಮೊಪೆಡ್ಡಿನ ಫೋಟೋ ನೋಡಿದೆವೆಂದು ಹೊಗಳುತ್ತಾರೆ. ನಾನು ಮಾತು ಬದಲಿಸುತ್ತೇನೆ.

ನಿನ್ನೆ ಅತ್ತೆಗೆ ಫೋನು ಮಾಡಿ, ಮಾವ ವಂಡಿ ತುಳಿಯುತ್ತಾರಾ ಎಂದು ಹೆದರಿ ಹೆದರಿ ಕೇಳಿದೆ.

“ಇಲ್ಲ ಕಣ್ಣು. ತುಳಿಯೋದೇ ಬುಟ್ಟವ್ರೆ. ಬೆಳಿಗ್ಗೆ ಎದ್ದು ಗಂಟು ಇಟ್ಕಂಡು ವಂಡಿ ಮ್ಯಾಲೆ ಇಂದ್ಗಡೆ ಕೂತ್ಕತಾರೆ. ಮುಂದ್ಗಡೆ ಕೂರು ಅಂದ್ರೆ ಕೂರಲ್ಲ. ಆ ಎಣ್ಣು ಬರ್ಬೇಕು ಅಂತಾರೆ.”

ನನ್ನ ಹೆಸರು ಅವರಿಗೆ ನೆನಪಿದೆಯಾ ಎಂದು ಕೇಳಬೇಕೆನಿಸಿತು. ಪಕ್ಕದ ಕೋಣೆಯಲ್ಲಿ ತಂಗಿಯ ಕೂಸು ಅಳುತ್ತಿತ್ತು. ಇನ್ನೂ ಎಷ್ಟು ದಿನ ಇರುತ್ತೀಯೆಂದು ಅವ್ವ ಬಾಗಿಲಲ್ಲಿ ನಿಂತು ಕೇಳಿದಳು. ಫೋನಿನ ಆ ಕಡೆ ಅತ್ತೆಯೂ ಅದನ್ನೇ ಕೇಳುತ್ತಿದ್ದರು. ನಾನು ಇಬ್ಬರಿಗೂ ಒಂದೇ ಉತ್ತರ ಹೇಳಿದೆ, “ನೋಡ್ತೀನ್ರಿ.” ಅವ್ವನಿಗೆ ನಾನು ಎಂದೂ ರೀ ಅಂದವಳಲ್ಲ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಕೂಸನ್ನು ಎತ್ತಿಕೊಳ್ಳಲು ಹೋದಳು.