ಕುಝುಮಿಯ ಒಂಟಿ ಲಾವಕ್ಕಿ

ನಮ್ಮ ಬೀದಿಯ ಕ್ಷೌರಿಕ ಕುಝುಮಿ ತೊಯೋಜಿ ಮದುವೆಯಾದದ್ದು ಒಂದು ಲಾವಕ್ಕಿಗಾಗಿ ಎಂದು ಕನಝಾವಾದ ಅರ್ಧ ಊರು ಹೇಳುತ್ತದೆ. ಉಳಿದರ್ಧ ಊರಿಗೆ ಅವನು ಯಾರೆಂದೇ ಗೊತ್ತಿಲ್ಲ. ಅವನ ಅಂಗಡಿಯಿಂದ ಎರಡು ಬಾಗಿಲು ಆಚೆ ಛತ್ರಿ ಮಾರುವ ನಾನು ಎಲ್ಲವನ್ನೂ ಹತ್ತಿರದಿಂದ ಕಂಡವನು. ಊರಿನ ಬಾಯಿಗೆ ಬಿಟ್ಟರೆ ಕಡ್ಡಿಯನ್ನು ಗುಡ್ಡ ಮಾಡುತ್ತಾರೆ, ಹಾಗಾಗಿ ನಾನೇ ಹೇಳುತ್ತೇನೆ.

ನಮ್ಮದೊಂದು ಸಂಘವಿದೆ. ತಿಂಗಳಿಗೊಮ್ಮೆ ಸೋಬಾ ಶಾವಿಗೆ ಅಂಗಡಿಯ ಮಹಡಿಯಲ್ಲಿ ಎಂಟು ಮಂದಿ ಕೂತು ಹಳೆಯ ಕತ್ತಿಗಳ ಒಡವೆ ನೋಡುತ್ತೇವೆ. ಕತ್ತಿ ಕೊಳ್ಳುವ ಯೋಗ್ಯತೆ ಎಂಟರಲ್ಲಿ ಒಬ್ಬನಿಗೂ ಇಲ್ಲ. ವಸ್ತು ರೇಷ್ಮೆ ಬಟ್ಟೆಯ ಮೇಲೆ ಕೈಯಿಂದ ಕೈಗೆ ಬರುತ್ತದೆ. ಅಂಚು ಹಿಡಿದು ನೋಡಬೇಕು, ಉಸಿರು ತಾಗಿಸಬಾರದು. ಚೆನ್ನಾಗಿಲ್ಲದಿದ್ದರೆ ಅದರ ಡಬ್ಬಿ ಚೆನ್ನಾಗಿದೆ ಎನ್ನಬೇಕು.

ಮೂವತ್ತು ವರ್ಷದ ಹಿಂದೆ ಕುಝುಮಿ ತಂದದ್ದಕ್ಕೆ ಡಬ್ಬಿಯೂ ಇರಲಿಲ್ಲ. ತುಕ್ಕು ಮೊಳೆಗಳ ರಾಶಿಯಲ್ಲಿ ಸಿಕ್ಕಿದ ಒಂದು ಮೆನುಕಿ. ಕತ್ತಿಯ ಹಿಡಿಗೆ ಆ ಪಕ್ಕ ಒಂದು, ಈ ಪಕ್ಕ ಒಂದು, ದಾರದ ಸುತ್ತಿನಡಿ ಸಿಕ್ಕಿಸುವ ಹೆಬ್ಬೆರಳಿನಷ್ಟು ಒಡವೆ ಅದು. ಯಾವಾಗಲೂ ಜೋಡಿ. ಇವನದು ಕಪ್ಪು ಲೋಹದ ಲಾವಕ್ಕಿ, ಕಣ್ಣಿಗೆ ಚಿನ್ನ. ಕತ್ತು ತಿರುಗಿಸಿ ಹಿಂದಕ್ಕೆ ಯಾರನ್ನೋ ನೋಡುತ್ತಿತ್ತು. ಯಾರನ್ನೆಂಬುದು ಇನ್ನೊಂದು ಸಿಕ್ಕಿದರೆ ತಾನೇ ತಿಳಿಯುವುದು. ಸಂಘದ ಅಧ್ಯಕ್ಷ ಮಿಝುಕೋಶಿ, ಸಾಕೆ ಎಂಬ ಅಕ್ಕಿಮದ್ಯದ ವ್ಯಾಪಾರಿ, ಅದನ್ನು ಒಮ್ಮೆ ನೋಡಿ, "ಒಂಟಿ," ಎಂದು ಮುಂದಕ್ಕೆ ತಳ್ಳಿದ. ಕುಝುಮಿಯ ಕಿವಿ ಕೆಂಪಾಯಿತು.

ಅಂದಿನಿಂದ ಅವನಿಗೆ ಜೋಡಿಯ ಹುಚ್ಚು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ, ಕತ್ತಿ ಕಟ್ಟಬಾರದೆಂದು ಮೇಜಿ ಸರಕಾರ ಅಪ್ಪಣೆ ಮಾಡಿದ ಮೇಲೆ, ಎಷ್ಟೋ ಮೆನುಕಿಗಳು ಹೆಂಗಸರ ಸೊಂಟಪಟ್ಟಿಯ ದಾರಕ್ಕೂ ಗಂಡಸರ ಹೊಗೆಸೊಪ್ಪಿನ ಚೀಲಕ್ಕೂ ಹೋದವು. ಹಾಗಾಗಿ ಕುಝುಮಿ ಮದುವೆಗೆ ಹೋದರೂ ಸಾವಿಗೆ ಹೋದರೂ ಹೆಂಗಸರ ಸೊಂಟ ನೋಡತೊಡಗಿದ. ಇದು ಒಳ್ಳೆಯ ಹೆಸರು ತರುವ ಅಭ್ಯಾಸವಲ್ಲ.

ಐದನೆಯ ವರ್ಷ, ನನ್ನ ತಂಗಿಯ ಮದುವೆಯಲ್ಲಿ, ಉಪ್ಪಿನಕಾಯಿ ಅಂಗಡಿಯ ವಿಧವೆ ಇಸೋಯೆಯ ಮುಂದೆ ಅವನು ಬಗ್ಗಿ ನಿಂತುಬಿಟ್ಟ.

"ಏನ್ರೀ, ಏನಾದ್ರೂ ಬಿದ್ದೋಯ್ತಾ?" ಎಂದಳು ಆಕೆ.

"ಲಾವಕ್ಕಿ," ಎಂದ ಕುಝುಮಿ. "ನಿಮ್ಮ ಹೊಟ್ಟೆ ಮೇಲೆ."

ಅವಳ ಪಟ್ಟಿಯ ದಾರದಲ್ಲಿದ್ದ ಹಕ್ಕಿ ತಲೆ ತಗ್ಗಿಸಿ ಕಾಳು ಹೆಕ್ಕುತ್ತಿತ್ತು. ಅದೇ ಕಪ್ಪು, ಅದೇ ಚಿನ್ನದ ಕಣ್ಣು. ಮಾರುತ್ತೀರಾ ಎಂದು ಕೇಳಿದ. ಅತ್ತೆ ಸಾಯುವಾಗ ಕೈಗಿಟ್ಟದ್ದು, ಮಾರುವುದಿಲ್ಲ ಎಂದಳು.

ಸೋಮವಾರ ಕ್ಷೌರದಂಗಡಿಗೆ ರಜೆ. ಅಲ್ಲಿಂದ ಏಳು ವರ್ಷ ಪ್ರತಿ ಸೋಮವಾರ ಕುಝುಮಿ ಅವಳ ಅಂಗಡಿಗೆ ಹೋಗಿ, ಮಾರುತ್ತೀರಾ ಎಂದು ಕೇಳಿ, ಬರಿಗೈಲಿ ಬರಬಾರದೆಂದು ಮೂಲಂಗಿ ಉಪ್ಪಿನಕಾಯಿ ತಂದ. ಅವನಿಗೆ ಮೂಲಂಗಿ ಆಗುವುದಿಲ್ಲ. ತಿಂದವರು ನಾವು. ನನ್ನ ರಕ್ತದ ಒತ್ತಡಕ್ಕೆ ಯಾರು ಹೊಣೆ ಎಂದು ನಾನು ಯಾರನ್ನೂ ಕೇಳಿಲ್ಲ.

ಕೊನೆಗೆ ಇಸೋಯೆಯೇ ಬೇಸತ್ತಳು. "ಮಾರೋದಂತೂ ಇಲ್ಲ. ಅಷ್ಟು ಬೇಕಿದ್ರೆ ನನ್ನನ್ನೇ ಮದ್ವೆ ಆಗಿ. ದಿನಾ ನೋಡ್ಬೋದು."

ಕುಝುಮಿ ಎರಡು ಸೋಮವಾರ ಯೋಚಿಸಿ ಆಯಿತು ಎಂದ. ಅವಳದೊಂದು ಕರಾರು: ಅವಳ ಹಕ್ಕಿ ಅವಳ ಸೊಂಟದಲ್ಲಿ, ಅವನ ಹಕ್ಕಿ ಅವನ ಪೆಟ್ಟಿಗೆಯಲ್ಲಿ. ವರ್ಷಕ್ಕೊಮ್ಮೆ, ಮದುವೆಯಾದ ದಿನ, ಎರಡೂ ಒಂದೇ ಬಟ್ಟೆಯ ಮೇಲೆ. ಆ ದಿನ ನನ್ನನ್ನೂ ಕರೆಯುತ್ತಿದ್ದರು.

"ಇವರ್ದು ದಿಕ್ಕು ನೋಡ್ತಾ ನಿಂತಿದೆ, ನಂದು ಕೆಲಸ ಮಾಡ್ತಿದೆ. ಮನೇಲೂ ಹಾಗೇ," ಎಂದು ಇಸೋಯೆ ಪ್ರತಿ ವರ್ಷ ಹೇಳುತ್ತಿದ್ದಳು. ನಾವು ಪ್ರತಿ ವರ್ಷ ನಗುತ್ತಿದ್ದೆವು.

ಒಂದು ವರ್ಷ ಮಾತ್ರ ನನ್ನೆದುರಿಗೇ ಕೇಳಿಬಿಟ್ಟಳು. "ನಿಜ ಹೇಳ್ರೀ. ನನ್ನ ನೋಡಿ ಬಂದ್ರೋ, ಇದನ್ನ ನೋಡಿ ಬಂದ್ರೋ?"

"ಇದನ್ನ," ಎಂದ ಕುಝುಮಿ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ತಲೆ ಬೋಳಾಗುತ್ತಿದ್ದರೆ ಗಿರಾಕಿಗೂ ಮುಖದ ಮೇಲೇ ಹೇಳುತ್ತಾನೆ.

"ಗೊತ್ತಿತ್ತು ಬಿಡಿ," ಎಂದು ಅವಳು ಚಹಾ ಬಗ್ಗಿಸಿದಳು. ನನ್ನ ಬಟ್ಟಲು ತುಂಬಿ ಚೆಲ್ಲುವವರೆಗೂ ಬಗ್ಗಿಸಿದಳು. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳು ಮತ್ತೆಂದೂ ಕೇಳಲಿಲ್ಲ.

ಕಳೆದ ಚಳಿಗಾಲ ಇಸೋಯೆ ತೀರಿಕೊಂಡಳು. ಹದಿನೆಂಟು ವರ್ಷದ ಸಂಸಾರ. ಸಂಘದವರೆಲ್ಲ ಹೋದೆವು. ಅಧ್ಯಕ್ಷ ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ, "ಪಾಪ. ಅಂತೂ ಜೋಡಿ ಆಯ್ತು. ಪಾಲೋವ್ನಿಯಾ ಮರದ ಡಬ್ಬಿ ನಾನೇ ಮಾಡಿಸ್ಕೊಡ್ತೀನಿ," ಎಂದ.

ಕುಝುಮಿ ಅವಳ ಹಕ್ಕಿಯನ್ನು ಅವಳ ಬಿಳಿ ಉಡುಪಿನ ಪಟ್ಟಿಗೇ ಕಟ್ಟಿ ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ. ಚಿತಾಗಾರದಲ್ಲಿ ಅಲ್ಲಿನ ಸಿಬ್ಬಂದಿ ಎಲ್ಲರನ್ನೂ ಕೇಳುವಂತೆ ಕೇಳಿದ: "ಒಳಗೆ ಗಾಜು, ಲೋಹ ಏನಾದ್ರೂ ಇದೆಯಾ?"

ಇಲ್ಲ ಎಂದಿದ್ದರೆ ಆಗುತ್ತಿತ್ತು.

"ಇದೆ," ಎಂದ ಕುಝುಮಿ.

"ಲೋಹ ಬಿಡಲ್ಲ ಸ್ವಾಮಿ. ತೆಗೀಬೇಕು."

ಮುಚ್ಚಳ ಸರಿಸಿ, ಕ್ಷೌರಿಕನ ಬೆರಳುಗಳಿಂದ ಗಂಟು ಬಿಚ್ಚಿ ಹಕ್ಕಿಯನ್ನು ತೆಗೆದುಕೊಂಡ. ಸುಕ್ಕಾದ ಪಟ್ಟಿಯನ್ನು ಎರಡು ಸಲ ಸರಿಮಾಡಿದ. ನನ್ನ ಹಿಂದೆ ಅಧ್ಯಕ್ಷ ನೆಮ್ಮದಿಯ ಉಸಿರು ಬಿಟ್ಟದ್ದು ಕೇಳಿಸಿತು.

ಎಲ್ಲ ಮುಗಿದ ಮೇಲೆ ನಮ್ಮ ಪದ್ಧತಿಯಂತೆ ಊಟದ ಕಡ್ಡಿಯಂಥ ಕಡ್ಡಿಗಳಿಂದ ಅಸ್ಥಿ ಆರಿಸಿ ಮಡಕೆಗೆ ತುಂಬಿದೆವು. ಮುಚ್ಚಳ ಹಾಕುವ ಮುಂಚೆ ಕುಝುಮಿ, "ಈಗ ಲೋಹ ಹಾಕ್ಬೋದಾ?" ಎಂದು ಕೇಳಿದ. ಇನ್ನು ನಿಮ್ಮಿಷ್ಟ ಎಂದ ಸಿಬ್ಬಂದಿ. ಕುಝುಮಿ ಒಳಜೇಬಿನಿಂದ ತನ್ನ ಹಕ್ಕಿಯನ್ನು, ಹಿಂದಕ್ಕೆ ತಿರುಗಿ ನೋಡುವ ಹಕ್ಕಿಯನ್ನು, ತೆಗೆದು ಅವಳ ಅಸ್ಥಿಯ ಮೇಲಿಟ್ಟ. ಅಧ್ಯಕ್ಷನ ಗಂಟಲಿನಿಂದ ಎಂಥದೋ ಸದ್ದು ಬಂತು. ನಾನು ಅವನ ಕಾಲು ತುಳಿದೆ.

ಮುಂದಿನ ತಿಂಗಳ ಸಭೆಗೆ ಕುಝುಮಿ ಬಂದ. ಅವನ ಸರದಿ ಬಂದಾಗ ರೇಷ್ಮೆ ಬಟ್ಟೆಯ ಮೇಲೆ ಕಾಳು ಹೆಕ್ಕುವ ಲಾವಕ್ಕಿಯೊಂದನ್ನೇ ಇಟ್ಟ. ಅವಳು ದಿನಾ ಕಟ್ಟಿ ಕಟ್ಟಿ ಅದರ ಬೆನ್ನು ಸವೆದಿತ್ತು. ಎಲ್ಲರೂ ಉಸಿರು ತಾಗಿಸದೆ ನೋಡಿದೆವು. ಅಧ್ಯಕ್ಷನಿಗೆ ತಡೆಯಲಾಗಲಿಲ್ಲ.

"ಮತ್ತೆ ಒಂಟಿ ಮಾಡಿಬಿಟ್ಟೆಯಲ್ಲಯ್ಯ," ಎಂದ.

"ಇಲ್ಲ," ಎಂದ ಕುಝುಮಿ. "ಈಗ ಇನ್ನೊಂದು ಎಲ್ಲಿದೆ ಅಂತ ಗೊತ್ತು."