ಕೆಂಪು ರೇಷ್ಮೆ ಸುತ್ತಿದ ಗಾಳದ ಕೋಲು

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದೆ, ತೊಗರಿಬೇಳೆ ಆರಿಸಿದೆ, ಎರಡು ದಿಂಬಿನ ಗವಸು ಒಗೆದೆ, ಅಡುಗೆಮನೆ ಕಿಟಕಿಗೆ ವಾರ್ನಿಶ್ ಬಳಿದೆ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಯಲಹಂಕದ ಮುಂದಿನ ಮನೆ ತಾತ ನೆನಪಾದರು…

ಅರವತ್ತರ ದಶಕದ ಮೊದಲ ವರ್ಷಗಳು. ಆಗಷ್ಟೇ ಮದುವೆಯಾಗಿ ಬಂದಿದ್ದೆ. ತಾತ ನಮ್ಮ ಮನೆ ಮಾಲೀಕರು, ಅವರ ಹಿತ್ತಲಿನ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಸ್ವಾತಂತ್ರ್ಯದ ನಂತರವೂ ಉಳಿದು, ಆಮೇಲೆ ಊರು ಬಿಟ್ಟು ಹೊರಟ ಬಿಳಿ ದೊರೆಗಳು ಮನೆ ಸಾಮಾನು ಹರಾಜು ಹಾಕಿದಾಗ ಮಿಕ್ಕವರು ಕುರ್ಚಿ, ಬೀರು ಹೊತ್ತು ತಂದರೆ, ತಾತ ಗಾಳದ ಕೋಲು ತರುತ್ತಿದ್ದರು. ಬಿದಿರಿನವಲ್ಲ, ಫೈಬರ್‌ಗ್ಲಾಸಿನವು, ಜೇನಿನ ಬಣ್ಣ, ಒಳಗೆ ಟೊಳ್ಳು. ಎರೆಹುಳ ಸಿಕ್ಕಿಸುವ ಹಾಗಿಲ್ಲ, ಗಾಳಕ್ಕೆ ಕೋಳಿಪುಕ್ಕವನ್ನು ನೊಣದ ಹಾಗೆ ಕಟ್ಟಿ ನೀರಿನ ಮೇಲೆ ಬೀಸಿ ಎಸೆಯಬೇಕು. ಅಂಥ ಏಳು ಕೋಲು ಬಟ್ಟೆಯ ಚೀಲ ತೊಟ್ಟು ಗೋಡೆಗೆ ಒರಗಿರುತ್ತಿದ್ದವು. ಆ ವರ್ಷ ಲಕ್ವ ಹೊಡೆದು ತಾತನ ಬಲಗೈ ಸೋತಿತ್ತು. ಏಳರಲ್ಲಿ ಎಲ್ಲಕ್ಕಿಂತ ಹಗುರಾದ ಒಂದನ್ನು ಮಾತ್ರ ಆ ಕೈ ಎತ್ತುತ್ತಿತ್ತು. ಅದನ್ನು ಹಿಡಿದು ಇನ್ನೊಮ್ಮೆ ಹೆಸರಘಟ್ಟ ಕೆರೆಗೆ ಹೋಗಬೇಕು, ಅಷ್ಟೇ ಅವರ ಆಸೆ.

ಅದನ್ನೇ ನಾನು ಮುರಿದೆ.

ಚೀಲ ಬಿಚ್ಚಿ ಬಿಸಿಲಿಗೆ ಇಟ್ಟಿದ್ದರು; ಚೀಲವಿಲ್ಲದೆ ನಾನದನ್ನು ಅದುವರೆಗೆ ನೋಡಿರಲಿಲ್ಲ. ಹಿತ್ತಲ ನುಗ್ಗೆಮರದಲ್ಲಿ ಕಾಯಿ ಜೋತಾಡುತ್ತಿತ್ತು. ಕೋಲಿನುದ್ದಕ್ಕೂ ಇದ್ದ ಪುಟ್ಟ ಉಂಗುರಗಳು ಕುಡುಗೋಲು ಕಟ್ಟಲೆಂದೇ ಇಟ್ಟ ಹಾಗೆ ಕಂಡವು. ಕಾಯಿ ಕೀಳುವ ದೋಟಿ ಅಂದುಕೊಂಡು ಕಟ್ಟಿದೆ, ಎಳೆದೆ. ನಾಲ್ಕು ಕಾಯಿ ಬಿದ್ದವು. ಐದನೆಯದಕ್ಕೆ ಬಿಲ್ಲಿನ ಹಾಗೆ ಬಾಗಿ, ಜೋಡಣೆಯ ಹತ್ತಿರ ಚಟ್ಟನೆ ಸೀಳಿತು.

ಕೋಲನ್ನು ಇದ್ದಲ್ಲೇ ಇಟ್ಟು, ಹುಳಿ ಮಾಡಿ, ಒಂದು ಬಟ್ಟಲು ತಾತನಿಗೆ ಕೊಟ್ಟೆ. ಪೂರ್ತಿ ಉಂಡರು.

“ಹುಳಿ ಚೆನ್ನಾಗಿದೆ ಕಣಮ್ಮ. ಕೋಲು ಎಲ್ಲಿ ಸೀಳ್ತು, ತಂದು ತೋರ್ಸು.”

ಕಿಟಕಿಯಿಂದ ಎಲ್ಲಾ ನೋಡಿದ್ದರು! ಸೀಳಿನ ಮೇಲೆ ಬಹಳ ಹೊತ್ತು ಬೆರಳಾಡಿಸಿದರು. “ದಾರ ಸುತ್ತಿದ್ರೆ ನಿಲ್ಲುತ್ತೆ. ಆದ್ರೆ ನನ್ ಕೈ…”

“ನಾನು ಸೀರೆಗೆ ಕುಚ್ಚು ಕಟ್ತೀನಿ ತಾತ,” ಅಂದೆ.

ನನ್ನ ಧಾರೆ ಸೀರೆಯ ಕುಚ್ಚಿಗೆ ತಂದು ಮಿಕ್ಕಿದ್ದ ಕೆಂಪು ರೇಷ್ಮೆ ದಾರ ತೆಗೆದೆ. ಎಳೆಗೆ ಎಳೆ ತಾಗಬೇಕು, ಒಂದರ ಮೇಲೊಂದು ಹತ್ತಬಾರದು. ಎರಡು ಸಲ ಬಿಚ್ಚಿಸಿದರು. “ಸೀರೆ ಸೆರಗಲ್ಲ ಕಣಮ್ಮ ಇದು, ಮೀನು ಎಳೆಯುತ್ತೆ!” ಮೂರು ದಿನ, ಮೂರು ಸಲ ವಾರ್ನಿಶ್.

ಭಾನುವಾರ ಯಜಮಾನರೂ ನಾನೂ ತಾತನನ್ನು ಬಸ್ಸಿನಲ್ಲಿ ಕೆರೆಗೆ ಕರೆದುಕೊಂಡು ಹೋದೆವು. ತಾತ ಕೋಲು ಬೀಸಿದ್ದು ಕಂಡು, ದಡದಲ್ಲಿ ಎಮ್ಮೆ ತೊಳೆಯುತ್ತಿದ್ದ ಗೌಡರೊಬ್ಬರು ನಕ್ಕರು. “ಇಂಗೆ ಗಾಳಿಗ್ ಚಾಟಿ ಬೀಸಿದ್ರೆ ಮೀನ್ ಬತ್ತದಾ ಸಾಮಿ?”

“ನಿಮ್ಮ್ ಎಮ್ಮೆ ಬಂತಲ್ಲ ಗೌಡ್ರೇ, ಮೀನೂ ಬರುತ್ತೆ ಇರಿ,” ಅಂದರು ತಾತ.

ಹೊತ್ತು ನೆತ್ತಿಗೆ ಬರುವ ಮುಂಚೆ ಕೋಲು ಬಾಗಿತು. ನನ್ನ ಕಣ್ಣು ಕೆಂಪು ದಾರ ಬಿಟ್ಟು ಕದಲಲಿಲ್ಲ… ದಾರ ತಡೆಯಿತು. ಅಂಗೈ ಉದ್ದದ ಮೀನು. ಗಾಳ ಬಿಡಿಸಲು ತಾತನಿಗಾಗಲಿಲ್ಲ. ಅವರು ಹೇಳಿದ ಹಾಗೆ ಕೈ ಒದ್ದೆ ಮಾಡಿಕೊಂಡು ನಾನೇ ಬಿಡಿಸಿ ನೀರಿಗೆ ಬಿಟ್ಟೆ. “ಅಯ್ಯೋ, ಸಾರಿಗಾತಿತ್ತು!” ಅಂದರು ಗೌಡರು. ತಾತ ನೀರನ್ನೇ ನೋಡುತ್ತಿದ್ದರು.

ಮುಂದಿನ ಸಂಕ್ರಾಂತಿಗೆ ಅವರಿರಲಿಲ್ಲ. ಆರು ಕೋಲುಗಳನ್ನು ಆಸೆಪಟ್ಟವರು ಒಯ್ದರು. ಗಾಯದ ಕೋಲು ಯಾರಿಗೂ ಬೇಡವಾಗಿ ನನಗೇ ಉಳಿಯಿತು. ‘ತಪ್ಪಾಯ್ತು ತಾತ’ ಅನ್ನುವ ಒಂದು ಮಾತು ಮಾತ್ರ ಹೇಳದೇ ಉಳಿದುಹೋಯಿತು. ಇವತ್ತು, ನಾಳೆ ಅಂತ…

ಕಿಟಕಿಗೆ ಬಳಿದು ಮಿಕ್ಕಿದ ವಾರ್ನಿಶನ್ನು ಆ ದಾರಕ್ಕೆ ಸವರಿ ಕೋಲನ್ನು ಜಗುಲಿಯಲ್ಲಿಟ್ಟೆ. ಮಧ್ಯಾಹ್ನ ಅನ್ನ, ನುಗ್ಗೆಕಾಯಿ ಹುಳಿ. ಉಂಡು ಯಜಮಾನರು ಮೊದಲು ಮಲಗಿದರು. ವಾರ್ನಿಶ್ ಇನ್ನೂ ಅಂಟುತ್ತಿತ್ತು. ನಾನು ಕೋಲಿನ ಪಕ್ಕದಲ್ಲೇ ಕೂತಿದ್ದೆ.